ಮಿಡ್‌ಡ್ರೈವ್ ಇ-ಸೈಕಲ್: ಏರು ಬಂದರೆ ಮೊದಲು ಗೇರ್ ಇಳಿಸಿ

ಏರು ಕಂಡ ಕೂಡಲೇ ಬಟನ್ ಒತ್ತಿ ಅಸಿಸ್ಟ್ (ಮೋಟರ್ ಕೊಡುವ ನೆರವು) ಜಾಸ್ತಿ ಮಾಡುವವರೇ ಹೆಚ್ಚು. ಮಿಡ್‌ಡ್ರೈವ್ ಸೈಕಲ್‌ನಲ್ಲಿ ಮೊದಲು ಮಾಡಬೇಕಾದದ್ದು ಅದಲ್ಲ. ಗೇರ್ ಇಳಿಸಬೇಕು. ಅಸಿಸ್ಟ್ ಆಮೇಲೆ.

ಯಾಕೆ ಅಂದರೆ, ಹಬ್ ಮೋಟರ್ ಇರುವುದು ಚಕ್ರದಲ್ಲೇ, ನೀವು ಯಾವ ಗೇರ್ ಹಾಕಿದರೂ ಅದಕ್ಕೆ ಸಂಬಂಧವಿಲ್ಲ. ಮಿಡ್‌ಡ್ರೈವ್ ಮೋಟರ್ ಕೂತಿರುವುದು ಪೆಡಲ್ ಬುಡದಲ್ಲಿ. ನಿಮ್ಮ ಕಾಲಿನ ಬಲ, ಮೋಟರಿನ ಬಲ ಎರಡೂ ಒಂದೇ ಚೈನ್ ಮೇಲೆ ಹೋಗುತ್ತವೆ, ಹಾಗಾಗಿ ನಿಮ್ಮ ಕಾಲಿಗೆ ಭಾರ ಅನಿಸುವ ಗೇರ್ ಮೋಟರಿಗೂ ಭಾರವೇ. ಭಾರ ಹೊತ್ತು ನಿಧಾನ ತಿರುಗುವ ಮೋಟರ್ ಕರೆಂಟ್ ಜಾಸ್ತಿ ಎಳೆಯುತ್ತದೆ. ಒಳಗಿನ ಸುರುಳಿಯಲ್ಲಿ ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ! ಕೆಲವು ಮೋಟರ್‌ಗಳು ಬಿಸಿಯಾದಾಗ ತಾವೇ ಬಲ ಕಡಿಮೆ ಮಾಡಿಕೊಳ್ಳುತ್ತವೆ. ಮಾಮೂಲಿ ಸೈಕಲ್‌ಗೆ ಆಮೇಲೆ ಜೋಡಿಸುವ ಕೆಲವು ಕಿಟ್ ಮೋಟರ್‌ಗಳ ಒಳಗೆ ನೈಲಾನ್ ಗೇರ್ ಇರುತ್ತದೆ, ಅತಿ ಬಿಸಿ ಅದಕ್ಕೆ ಆಗಿಬರುವುದಿಲ್ಲ.

ಸರಿ, ಸರಿಯಾದ ಗೇರ್ ಗೊತ್ತಾಗುವುದು ಹೇಗೆ? ಪೆಡಲ್ ಎಣಿಸಿ. ಬಲಮೊಣಕಾಲು 15 ಸೆಕೆಂಡಿನಲ್ಲಿ ಎಷ್ಟು ಸಲ ಮೇಲೆ ಬರುತ್ತದೆ ನೋಡಿ, 4ರಿಂದ ಗುಣಿಸಿ. ನಿಮಿಷಕ್ಕೆ 70ರಿಂದ 90 ಸುತ್ತು ಬಂದರೆ ಸಾಕು. ಕೆಲವು ದಿನ ಹೀಗೆ ಎಣಿಸಿದರೆ ಆಮೇಲೆ ಕಾಲಿಗೇ ಗೊತ್ತಾಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಮುಂದೆ ಪೆಡಲ್ ಬಳಿಯ ಹಲ್ಲುಚಕ್ರಕ್ಕೆ 42 ಹಲ್ಲು, ಹಿಂದೆ 11 ಹಲ್ಲಿನ ಚಿಕ್ಕ ಹಲ್ಲುಚಕ್ರ (ಇದೇ ಭಾರದ ಗೇರ್), ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ಪೆಡಲ್ ತಿರುಗುವುದು ನಿಮಿಷಕ್ಕೆ ಸುಮಾರು 50 ಸುತ್ತು ಮಾತ್ರ. ಅದೇ ವೇಗದಲ್ಲಿ ಹಿಂದೆ 18 ಹಲ್ಲಿಗೆ ಬನ್ನಿ, ಸುಮಾರು 81 ಆಗುತ್ತದೆ. ವೇಗ ಒಂದಿಷ್ಟೂ ಕಡಿಮೆಯಾಗಿಲ್ಲ, ಆದರೆ ಮೋಟರ್ ಈಗ ಆರಾಮಾಗಿ ತಿರುಗುತ್ತಿದೆ. ಸಮತಟ್ಟು ರಸ್ತೆಯಲ್ಲೂ ಸುಮ್ನೆ 11ರಲ್ಲೇ ಇಟ್ಟುಕೊಂಡು ಓಡಿಸುವವರು ಇದನ್ನು ಗಮನಿಸಲೇಬೇಕು, ಯಾಕೆಂದರೆ ಅಷ್ಟು ಕಡಿಮೆ ಹಲ್ಲುಗಳ ಮೇಲೆ ಎಲ್ಲ ಭಾರ ಬಿದ್ದು ಆ ಗೇರ್ ಬೇಗ ಸವೆಯುತ್ತದೆ.

ಏರಿನಲ್ಲಿ ಕ್ರಮ ಹೀಗಿರಲಿ. ಏರು ಶುರುವಾಗುವ ಮುಂಚೆಯೇ ಒಂದೆರಡು ಗೇರ್ ಇಳಿಸಿ, ಅಂದರೆ ಹಿಂದಿನ ದೊಡ್ಡ ಹಲ್ಲುಚಕ್ರದ ಕಡೆ ಬನ್ನಿ. ಪೆಡಲ್ ನಿಧಾನವಾಗುತ್ತಿದ್ದರೆ ಇನ್ನೊಂದು ಇಳಿಸಿ. ಅಷ್ಟಾದರೂ ಕಾಲು ಸೋತರೆ ಆಗ ಅಸಿಸ್ಟ್ ಏರಿಸಿ. ಕಡಿದಾದ ಏರಿನ ನಡುವೆ ಭಾರದ ಗೇರ್‌ನಲ್ಲಿ ಸಿಕ್ಕಿಕೊಂಡರೆ ಒದ್ದಾಡಬೇಡಿ. ಇಳಿದು, ಹಿಂದಿನ ಚಕ್ರ ಎತ್ತಿ, ಪೆಡಲ್ ಕೈಯಿಂದ ತಿರುಗಿಸಿ ಗೇರ್ ಬದಲಿಸಿಕೊಳ್ಳಿ. ಮೋಟರ್ ಮೊದಲು ಆಫ್ ಮಾಡಿರಿ, ಇದನ್ನು ಮರೆಯಬೇಡಿ.

ಗೇರ್ ಬದಲಿಸುವ ಕ್ಷಣದಲ್ಲೇ ಚೈನ್‌ಗೆ ಜಾಸ್ತಿ ಪೆಟ್ಟು ಬೀಳುವುದು. ಕಾಲು ತಿರುಗುತ್ತಲೇ ಇರಬೇಕು, ಒತ್ತಡ ಮಾತ್ರ ಅರ್ಧ ಸುತ್ತಿನಷ್ಟು ಹೊತ್ತು ಸಡಿಲ ಬಿಡಿ. ಕಾಲಿನ ಒತ್ತಡ ಅಳೆಯುವ ಟಾರ್ಕ್ ಸೆನ್ಸರ್ ಇದ್ದರೆ ಮೋಟರ್ ಕೂಡ ಜೊತೆಗೇ ತಗ್ಗುತ್ತದೆ. ಪೆಡಲ್ ತಿರುಗುತ್ತಿದೆಯೇ ಎಂದಷ್ಟೇ ನೋಡುವ ಸೆನ್ಸರ್ ಆದರೆ ಕಾಲು ಸಡಿಲಿಸಿದರೂ ಮೋಟರ್ ಎಳೆಯುತ್ತಲೇ ಇರುತ್ತದೆ. ಅಂಥದ್ದರಲ್ಲಿ ಗೇರ್ ಸೆನ್ಸರ್ (ಗೇರ್ ಬದಲಿಸುವಾಗ ಮೋಟರನ್ನು ಕ್ಷಣಕಾಲ ನಿಲ್ಲಿಸುವಂಥದ್ದು) ಹಾಕಿಸಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಬ್ರೇಕ್ ಲಿವರ್ ಚೂರು ಎಳೆದರೆ ಮೋಟರ್ ನಿಲ್ಲುತ್ತದೆ (ಲಿವರ್‌ನಲ್ಲಿ ಕಟ್‌ಆಫ್ ಸ್ವಿಚ್ ಇದ್ದರೆ ಮಾತ್ರ). ಒಂದೇ ಏಟಿಗೆ ಮೂರು ನಾಲ್ಕು ಗೇರ್ ಹಾರಿಸಬೇಡಿ.

ಸಿಗ್ನಲ್ ಬರುತ್ತಿದೆಯಾ? ನಿಲ್ಲುವ ಮುಂಚೆಯೇ ಗೇರ್ ಇಳಿಸಿಕೊಳ್ಳಿ, ನಿಂತ ಮೇಲೆ ಇಳಿಸಲು ಆಗುವುದಿಲ್ಲ ಅಲ್ವಾ. ಪೆಡಲ್ ತುಳಿಯದೆಯೇ ಮೋಟರ್ ಓಡಿಸುವ ಥ್ರಾಟಲ್ ಇದ್ದರೂ ಭಾರದ ಗೇರ್‌ನಲ್ಲಿ ನಿಂತಲ್ಲಿಂದ ಎಳೆಸಬೇಡಿ.

ಇನ್ನು ಚೈನ್. ಮಾಮೂಲಿ ಸೈಕಲ್‌ಗಿಂತ ಇದು ಬೇಗ ಸವೆಯುತ್ತದೆ. ಚೈನ್ ಅಳೆಯುವ ಪಟ್ಟಿ ಒಂದು ಇಟ್ಟುಕೊಳ್ಳಿ. 11, 12 ಸ್ಪೀಡ್ (ಅಂದರೆ ಹಿಂದೆ ಅಷ್ಟು ಹಲ್ಲುಚಕ್ರ ಇರುವ ಸೈಕಲ್) ಚೈನ್ ಶೇ 0.5ರಷ್ಟು ಹಿಗ್ಗಿದಾಗಲೇ ಬದಲಿಸಿ, 9, 10 ಸ್ಪೀಡ್ ಆದರೆ ಶೇ 0.75ರವರೆಗೆ ನಡೆಯುತ್ತದೆ. ತಡ ಮಾಡಿದರೆ ಹಿಂದಿನ ಹಲ್ಲುಚಕ್ರಗಳನ್ನೂ ಬದಲಿಸಬೇಕಾಗುತ್ತದೆ.