ತುಟಿ ಹಾಡಿನ ಸ್ಪೀಡಿಗೆ, ಮೈಯೆಲ್ಲಾ ಸ್ಲೋ ಮೋಷನ್: ಶೂಟ್ ಮಾಡೋದು ಹೇಗೆ

ಸಾಂಗ್ ವಿಡಿಯೋಗಳಲ್ಲಿ ನೋಡಿರ್ತೀರ, ಕೂದಲು ಸೆರಗು ಎಲ್ಲಾ ನಿಧಾನಕ್ಕೆ ತೇಲ್ತಿರುತ್ತೆ ಆದ್ರೆ ತುಟಿ ಮಾತ್ರ ಹಾಡಿಗೆ ಕರೆಕ್ಟಾಗಿ ಕೂತಿರುತ್ತೆ. ಇದು ಬರೀ ಎಡಿಟಿಂಗಲ್ಲಿ ಬರಲ್ಲ, ಶೂಟಿಂಗಿಗೆ ಮುಂಚೆನೇ ರೆಡಿ ಮಾಡ್ಕೋಬೇಕು.

ಎಡಿಟಿಂಗ್ ಟೈಮ್‌ಲೈನ್ ಸೆಕೆಂಡಿಗೆ 25 ಫ್ರೇಮ್ ಅಂದ್ಕೊಳ್ಳಿ. ಕ್ಯಾಮೆರಾ 50 ಫ್ರೇಮಿಗೆ ಇಡಿ, ಹಾಡನ್ನ ಡಬಲ್ ಸ್ಪೀಡಲ್ಲಿ ಹಾಕಿ, ಹಾಡೋರು ಆ ಸ್ಪೀಡಿಗೇ ತುಟಿ ಆಡಿಸ್ಲಿ, ಆಮೇಲೆ ಎಡಿಟಲ್ಲಿ ಕ್ಲಿಪ್ಪನ್ನ 50% ಗೆ ಇಳಿಸಿದ್ರೆ ತುಟಿ ಒರಿಜಿನಲ್ ಹಾಡಿಗೆ ಬಂದು ಕೂರುತ್ತೆ. ಶಟರ್ ಸ್ಪೀಡ್ 1/100 ಸೆಕೆಂಡ್ ಇರ್ಲಿ, ನಮ್ಮ ದೇಶದ ಕರೆಂಟು 50 ಹರ್ಟ್ಸ್ ಆಗಿರೋದ್ರಿಂದ ಟ್ಯೂಬ್‌ಲೈಟ್ ಮಿಣುಕು ಕೂಡ ಕಾಣಲ್ಲ.

ನಿಜವಾದ ಕಷ್ಟ ಹಾಡೋರದ್ದು. ಡಬಲ್ ಸ್ಪೀಡಲ್ಲಿ ಹಾಡುವಾಗ ಹುಬ್ಬು ಗಂಟಾಗುತ್ತೆ, ಕತ್ತಿನ ನರ ಬಿಗಿಯಾಗುತ್ತೆ, ಕ್ಲೋಸಪ್ಪಲ್ಲಿ ಅದೆಲ್ಲಾ ಎದ್ದು ಕಾಣುತ್ತೆ, ಅದಕ್ಕೇ ಹಿಂದಿನ ದಿನಾನೇ ಆ ಫಾಸ್ಟ್ ಟ್ರ್ಯಾಕ್ ಕೊಟ್ಟು ಕನ್ನಡಿ ಮುಂದೆ ಪ್ರ್ಯಾಕ್ಟೀಸ್ ಮಾಡೋಕೆ ಹೇಳಿ. ಪದ ಕಮ್ಮಿ ಇರೋ ಸಾಲುಗಳಿಗೆ ಮಾತ್ರ ಇದನ್ನ ಇಟ್ಕೊಳ್ಳಿ, ರ‍್ಯಾಪಿಗೆ ಬೇಡವೇ ಬೇಡ.

ಇನ್ನೊಂದು ಮುಖ್ಯ ವಿಷಯ, ತುಂಬಾ ಕ್ಯಾಮೆರಾಗಳು ಸ್ಲೋ ಮೋಷನ್ ಮೋಡಲ್ಲಿ ಸೌಂಡ್ ರೆಕಾರ್ಡ್ ಮಾಡಲ್ಲ. ಹಾಗಾಗಿ ಪ್ಲೇಬ್ಯಾಕ್ ಟ್ರ್ಯಾಕಿನ (ಶೂಟಿಂಗಲ್ಲಿ ಹಾಕೋ ಆ ಫಾಸ್ಟ್ ಹಾಡಿನ) ಶುರುವಲ್ಲಿ ಮೂರು ಬೀಪ್ ಸೇರಿಸಿ, ಮೂರನೇ ಬೀಪಿಗೆ ಸರಿಯಾಗಿ ಲೆನ್ಸ್ ಮುಂದೆ ಚಪ್ಪಾಳೆ ಹೊಡೀರಿ. ಎಡಿಟ್ ಟೇಬಲಲ್ಲಿ ಎರಡು ಕೈ ಸೇರೋ ಫ್ರೇಮ್ ಹುಡುಕಿ ಆ ಬೀಪಿಗೆ ಜೋಡಿಸಿದ್ರೆ ಸಿಂಕ್ ಆಯ್ತು.