ಇಟಾಲಿಯನ್ ಊಟ ನಿರಾಸೆ ತಂದಾಗ ಮೇಜಿನಲ್ಲೇ ಮಾಡಬೇಕಾದ ಕೆಲಸಗಳು

ಹೋಟೆಲಿನ ಊಟ ಕೆಟ್ಟಿದ್ದರೆ ನಮ್ಮಲ್ಲಿ ಹೆಚ್ಚಿನವರು ಅದರ ಬಗ್ಗೆ ಬಾಯಿ ಬಿಡುವುದು ಮನೆಗೆ ಮರಳುವ ಆಟೋದಲ್ಲಿ. ಅಲ್ಲಿ ಆಡಿದ ಮಾತು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಹೇಳುವುದನ್ನು ಎರಡನೆಯ ತುತ್ತಿಗೇ ಹೇಳಬೇಕು, ತಟ್ಟೆ ಇನ್ನೂ ತುಂಬಿರುವಾಗ. ನಾನು ಬಹಳ ಕಾಲ ಹಾಸ್ಟೆಲ್ ಒಂದರ ಅಡುಗೆಮನೆ ನೋಡಿಕೊಂಡವಳು. ಒಂದೆರಡು ತುತ್ತಿಗೇ ಬಂದ ದೂರನ್ನು ಅಡುಗೆಯವರು ಕಿವಿಗೊಟ್ಟು ಕೇಳುತ್ತಾರೆ. ಮುಕ್ಕಾಲು ಖಾಲಿಯಾದ ತಟ್ಟೆಯ ಜೊತೆ ಬಂದ ದೂರನ್ನು ಕೇಳುವುದಿಲ್ಲ.

ಕಳೆದ ತಿಂಗಳು ಹಾಸನದಿಂದ ಅತ್ತಿಗೆ ಬಂದಿದ್ದರು. ಅತ್ತೆಯವರನ್ನೂ ಕರೆದುಕೊಂಡು, ನಾನು ಮತ್ತು ನಮ್ಮ ಯಜಮಾನರು ಜಯನಗರದ ನಮ್ಮ ಮನೆಗೆ ಹತ್ತಿರದ ಒಂದು ಇಟಾಲಿಯನ್ ರೆಸ್ಟೋರೆಂಟಿಗೆ ಶನಿವಾರ ರಾತ್ರಿ ಊಟಕ್ಕೆ ಹೋದೆವು. ಆ ಊಟದಲ್ಲಿ ಸರಿಯಾಗಿದ್ದದ್ದಕ್ಕಿಂತ ಕೆಟ್ಟದ್ದೇ ಹೆಚ್ಚು. ಆದರೂ ಹಸಿದುಕೊಂಡು ಬರಲಿಲ್ಲ, ತಿನ್ನದ್ದಕ್ಕೆ ದುಡ್ಡು ತೆರಲೂ ಇಲ್ಲ.

ಮೊದಲು ತೀರ್ಮಾನಿಸಬೇಕಾದದ್ದು ಒಂದೇ: ಅಡುಗೆ ನಿಜವಾಗಿ ಕೆಟ್ಟಿದೆಯೇ, ಅಥವಾ ನಮ್ಮ ನಾಲಿಗೆಗೆ ಹೊಸದೇ? ಎರಡನೆಯದಾಗಿದ್ದರೆ ಅಡುಗೆಯವನನ್ನು ದೂರುವುದು ಅನ್ಯಾಯ. ಪಾಸ್ತಾ ಕಚ್ಚಿದಾಗ ನಡುವೆ ಸ್ವಲ್ಪ ಬಿಗಿ ಸಿಗುವುದು ಸರಿಯಾದ ಹದ. ಹಸಿ ಹಿಟ್ಟಿನ ರುಚಿ ಬಂದರೆ ಬೆಂದಿಲ್ಲ. ಪೆನ್ನೆ ಎಂಬ ಕೊಳವೆ ಪಾಸ್ತಾವನ್ನು ಫೋರ್ಕಿನಿಂದ ಎತ್ತುವಾಗಲೇ ಹರಿದುಹೋದರೆ ಅತಿಯಾಗಿ ಬೆಂದಿದೆ. ನಮ್ಮ ಮೇಜಿಗೆ ಬಂದದ್ದು ಹರಿಯುವ ಜಾತಿಯದು. ಸಂಜೆಯೇ ಬೇಯಿಸಿ, ಅಂಟದಿರಲೆಂದು ಎಣ್ಣೆ ಸವರಿ ಇಟ್ಟು, ಆರ್ಡರ್ ಬಂದಾಗ ಮತ್ತೆ ಕುದಿನೀರಿಗೆ ಹಾಕಿದರೆ ಹೀಗಾಗುತ್ತದೆ. ಎಣ್ಣೆ ಮೆತ್ತಿದ ಪಾಸ್ತಾಗೆ ಸಾಸ್ ಹಿಡಿಯುವುದಿಲ್ಲ. ತಟ್ಟೆಯ ತಳದಲ್ಲಿ ಕೆಂಪು ನೀರು ನಿಂತಿತ್ತು. ಅದು ಅರಬ್ಬಿಯಾತಾ. ರೋಮ್ ಕಡೆಯ ಈ ಸಾಸಿಗೆ ಬೇಕಾದದ್ದು ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಆಲಿವ್ ಎಣ್ಣೆ, ಅಷ್ಟೇ. ಖಾರ ಮುಂದೆ ನಿಲ್ಲಬೇಕು, ಹುಳಿ ಹಿಂದೆ ಬರಬೇಕು. ನಮ್ಮದು ಕೆಚಪ್ಪಿನಷ್ಟು ಸಿಹಿಯಾಗಿತ್ತು.

ಇಟಲಿಯವರ ಅನ್ನದ ತಿನಿಸು ರಿಸೊಟ್ಟೊ ನೋಡುವ ಬಗೆ ಬೇರೆ. ಅರ್ಬೋರಿಯೊ ಅಥವಾ ಕಾರ್ನರೋಲಿ ಅಕ್ಕಿಗೆ ಬಿಸಿ ಸ್ಟಾಕ್ (ತರಕಾರಿ ಅಥವಾ ಮಾಂಸ ಬೇಯಿಸಿ ಸೋಸಿದ ನೀರು) ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಬೇಯಿಸಲು ಸುಮಾರು 18 ನಿಮಿಷ ಬೇಕು. ಮುಕ್ಕಾಲು ಬೇಯಿಸಿಟ್ಟು ಕೊನೆಯ ಹಂತವನ್ನು ಆಮೇಲೆ ಮುಗಿಸುವ ಒಳ್ಳೆಯ ಅಡುಗೆಮನೆಗಳೂ ಇವೆ, ಆದ್ದರಿಂದ ಬೇಗ ಬಂದಿತೆಂಬ ಮಾತ್ರಕ್ಕೆ ಸಂಶಯ ಬೇಡ. ತಟ್ಟೆಯನ್ನು ಸ್ವಲ್ಪ ವಾಲಿಸಿ ನೋಡಿ. ಹದವಾದ ಬಿಸಿಬೇಳೆಬಾತಿನ ಹಾಗೆ ಮೆಲ್ಲನೆ ಹರಡಿಕೊಳ್ಳಬೇಕು. ಮುದ್ದೆಯಾಗಿ ಕುಳಿತಿದ್ದರೆ, ಅಥವಾ ಮಾಮೂಲಿ ಅನ್ನಕ್ಕೆ ಕ್ರೀಮ್ ಕಲಸಿದ್ದರೆ, ಹಿಂದಕ್ಕೆ ಕಳಿಸಲು ಹಿಂಜರಿಯಬೇಡಿ.

ಪಿಜ್ಜಾ ವಿಷಯದಲ್ಲಿ ಅತ್ತಿಗೆ ಅಂಚಿನ ಕಪ್ಪು ಚುಕ್ಕೆಗಳನ್ನು ತೋರಿಸಿ ಸೀದಿದೆ ಎಂದರು. ಸೀದಿರಲಿಲ್ಲ. ನೇಪಲ್ಸ್ ಶೈಲಿಯ ಪಿಜ್ಜಾವನ್ನು 430 ಡಿಗ್ರಿ ಸೆಲ್ಸಿಯಸ್ ದಾಟಿದ ಸೌದೆ ಒಲೆಯಲ್ಲಿ 60ರಿಂದ 90 ಸೆಕೆಂಡು ಸುಡುತ್ತಾರೆ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪಾಗುವುದು, ನಡುಭಾಗ ಮೆತ್ತಗೆ ಒದ್ದೆಯಾಗಿರುವುದು ಅದರ ಸ್ವಭಾವ. ಪಿಜ್ಜಾ ಕೆಟ್ಟಿದೆಯೇ ಎಂದು ತಿಳಿಯಲು ತುಂಡನ್ನು ಮಗುಚಿ ತಳ ನೋಡಬೇಕು. ತಳ ಬಿಳಿಚಿಕೊಂಡಿದ್ದು, ಹಿಟ್ಟು ಹಲ್ಲಿಗೆ ಅಂಟಿದರೆ ಅದು ತಪ್ಪು. ಆ ರಾತ್ರಿ ಚೆನ್ನಾಗಿದ್ದದ್ದು ಆ ಪಿಜ್ಜಾ ಒಂದೇ, ಅದನ್ನು ಮ್ಯಾನೇಜರಿಗೆ ಹೇಳಿಯೂ ಹೇಳಿದೆ. ಒಂದು ತಿನಿಸನ್ನು ಮೆಚ್ಚಿ ಇನ್ನೊಂದನ್ನು ದೂರುವವರ ಮಾತಿಗೆ ತೂಕ ಬರುತ್ತದೆ.

ಈಗ ಹೇಳುವ ಬಗೆ. "ಚೆನ್ನಾಗಿಲ್ಲ" ಎಂದರೆ ಅಡುಗೆಮನೆಗೆ ಏನೂ ತಿಳಿಯುವುದಿಲ್ಲ. ವೇಟರ್ ಹುಡುಗನ ಮೇಲೆ ರೇಗುವುದಂತೂ ತಪ್ಪೇ ತಪ್ಪು, ಬೇಯಿಸಿದವನು ಅವನಲ್ಲ. ಮ್ಯಾನೇಜರನ್ನು ಕರೆಯಲು ಹೇಳಿ, ಧ್ವನಿ ಏರಿಸದೆ, ದೋಷ ಏನು, ನಿಮಗೆ ಏನಾಗಬೇಕು ಎಂಬುದನ್ನು ಒಟ್ಟಿಗೇ ಹೇಳಿ. ನಾನು ಹೇಳಿದ್ದು ಇಷ್ಟು: "ನೋಡಿ, ಪಾಸ್ತಾ ಅತಿಯಾಗಿ ಬೆಂದಿದೆ, ಸಾಸ್ ಸಿಹಿಯಾಗಿದೆ. ಇದನ್ನು ತೆಗೆದುಕೊಂಡು ಹೋಗಿ, ಬದಲಿಗೆ ಆಲ್ಯೊ ಎ ಒಲಿಯೊ ಮಾಡಿಸಿಕೊಡಿ."

ಬೇರೆ ತಿನಿಸು ಕೇಳಿದ್ದಕ್ಕೆ ಕಾರಣವಿದೆ. ಅರಬ್ಬಿಯಾತಾ ಸಾಸನ್ನು ದೊಡ್ಡ ಪಾತ್ರೆಯಲ್ಲಿ ಮೊದಲೇ ಮಾಡಿಟ್ಟಿರುತ್ತಾರೆ. ಹೊಸ ತಟ್ಟೆ ಬಂದರೂ ಅದೇ ಸಿಹಿ ಬರುತ್ತದೆ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನ ಆಲ್ಯೊ ಎ ಒಲಿಯೊವನ್ನು ಆಗಿಂದಾಗಲೇ ಬಾಣಲೆಯಲ್ಲಿ ಮಾಡಬೇಕು, ಅಡಗಿಸಲು ಸಾಸಿನ ಪಾತ್ರೆ ಇರುವುದಿಲ್ಲ. ಬೆಳ್ಳುಳ್ಳಿ ಕರಕಲಾಗಿ ಕಹಿ ಬರಬಾರದು, ಅಷ್ಟನ್ನು ನೋಡಿಕೊಂಡರೆ ಸಾಕು. ನಮ್ಮದು ಹದವಾಗಿ ಬಂದಿತು. ಆ ಅಡುಗೆಮನೆಯಲ್ಲಿ ಕೈ ಬಲ್ಲವರು ಇದ್ದಾರೆ ಎಂದು ಅದರಿಂದಲೇ ಗೊತ್ತಾಯಿತು.

ಸಸ್ಯಾಹಾರಿಗಳಿಗೆ ಒಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. "ಇದು ವೆಜ್ಜೇ?" ಎಂದು ಕೇಳಿದರೆ "ಹೌದು" ಎಂದೇ ಉತ್ತರ ಬರುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ರಿಸೊಟ್ಟೊದ ಸ್ಟಾಕ್ ತರಕಾರಿಯದೋ, ಕೋಳಿಯದೋ? ಸೀಸರ್ ಸಾಲಡಿನ ಡ್ರೆಸಿಂಗಿನಲ್ಲಿ, ಪುತ್ತಾನೆಸ್ಕಾ ಸಾಸಿನಲ್ಲಿ ಆಂಚೊವಿ ಮೀನು ಇದೆಯೋ? ಬೇಸಿಲ್ ಎಲೆ ಅರೆದು ಮಾಡುವ ಪೆಸ್ಟೊ ಸಾಸಿನಲ್ಲಿರುವ ಚೀಸ್ ಯಾವುದು? ಪಾರ್ಮಾ ಸೀಮೆಯ ಅಸಲಿ ಪಾರ್ಮಿಜಾನೊ ರೆಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ, ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಬಳಸಿಯೇ ಮಾಡಬೇಕೆಂಬುದು ಅದರ ತಯಾರಿಕೆಯ ನಿಯಮ. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸಿ ಮಾಡಿದ ಚೀಸ್ ಇಲ್ಲೇ ಸಿಗುತ್ತದೆ. ಹಾಗಾಗಿ ಪ್ಯಾಕೆಟ್ ತರಿಸಿ ಹಸಿರು ಚುಕ್ಕೆ ನೋಡಿ. ಅತ್ತೆಯವರಿಗಾಗಿ ನಾನು ತರಿಸಿದೆ. ಮ್ಯಾನೇಜರ್ ಬೇಸರವಿಲ್ಲದೆ ಒಳಗಿನಿಂದ ತಂದು ತೋರಿಸಿದರು. ತಿರಮಿಸು ಎಂಬ ಸಿಹಿಯ ಹಳೆಯ ಕ್ರಮದಲ್ಲಿ ಹಸಿ ಮೊಟ್ಟೆಯ ಹಳದಿ ಭಾಗವಿರುತ್ತದೆ, ಅದನ್ನೂ ಕೇಳಿ. ನಮಗೆ ಕೊಟ್ಟ ತಿರಮಿಸುವಿನಲ್ಲಿ ಮಸ್ಕಾರ್ಪೋನೆ ಎಂಬ ಮೆತ್ತನೆಯ ಚೀಸೂ ಇರಲಿಲ್ಲ, ಕಾಫಿಯಲ್ಲಿ ಅದ್ದಿದ ಬಿಸ್ಕತ್ತೂ ಇರಲಿಲ್ಲ. ಬೇಕರಿ ಕೇಕಿನ ಮೇಲೆ ಕ್ರೀಮ್ ಸುರಿದು ಕೋಕೋ ಉದುರಿಸಿದ್ದರು. ಒಂದು ಚಮಚ ತಿಂದು ಹಿಂದಿರುಗಿಸಿದೆ, ಬಿಲ್ಲಿನಿಂದ ತೆಗೆದರು. ಇಡೀ ತಿಂದಿದ್ದರೆ ತೆಗೆಯುತ್ತಿರಲಿಲ್ಲ, ತೆಗೆಯಬೇಕಾಗಿಯೂ ಇರಲಿಲ್ಲ.

ಬಿಲ್ ಬಂದಾಗ ಸಾಲು ಸಾಲಾಗಿ ಓದಿ. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ 5, ಅದು ಕೇಂದ್ರಕ್ಕೆ 2.5, ರಾಜ್ಯಕ್ಕೆ 2.5 ಎಂದು ಎರಡು ಸಾಲಾಗಿ ಇರುತ್ತದೆ. ಅದನ್ನು ಕೊಡಲೇಬೇಕು. ಸರ್ವಿಸ್ ಚಾರ್ಜ್ ಹಾಗಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅದನ್ನು ಬಿಲ್ಲಿಗೆ ತಾನಾಗಿಯೇ ಸೇರಿಸುವಂತಿಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ನಮ್ಮ ಬಿಲ್ಲಿನಲ್ಲಿ ಶೇ 10 ಸೇರಿತ್ತು. ತೆಗೆಯಿರಿ ಎಂದೆ, ತೆಗೆದರು. ತೆಗೆಯಲು ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿಯ ಸಂಖ್ಯೆ. ಪಿಜ್ಜಾ ಸುಟ್ಟವರಿಗೂ, ಎರಡು ಸಲ ಓಡಾಡಿದ ಹುಡುಗನಿಗೂ ಯಜಮಾನರು ಕೈಯಾರೆ ಟಿಪ್ಸ್ ಕೊಟ್ಟರು. ಅದು ನಮ್ಮ ಮನಸ್ಸಿಗೆ ಬಿಟ್ಟದ್ದು.

ಮರುದಿನವೂ ಆ ಊಟದ ಬಗ್ಗೆ ವಿಮರ್ಶೆ ಬರೆಯಬೇಕೆನಿಸಿದರೆ ತಿನಿಸಿನ ಹೆಸರು, ದಿನ, ಹೊತ್ತು, ಅವರು ಸರಿಪಡಿಸಿದ್ದು, ಸರಿಪಡಿಸದೇ ಬಿಟ್ಟದ್ದು ಎಲ್ಲವನ್ನೂ ಬರೆಯಿರಿ.

ಉಳಿದದ್ದನ್ನು ಬಿಟ್ಟು ಬರಬೇಡಿ, ಕಟ್ಟಿಸಿಕೊಳ್ಳಿ. ಪಿಜ್ಜಾ ತುಂಡನ್ನು ಒಣ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಬಿಸಿ ಮಾಡಿದರೆ ತಳ ಮತ್ತೆ ಗರಿಯಾಗುತ್ತದೆ. ರಿಸೊಟ್ಟೊ ಮನೆಗೆ ಬಂದ ಕೂಡಲೇ ಫ್ರಿಜ್ಜಿಗೆ ಹೋಗಬೇಕು, ಅನ್ನದ ಪದಾರ್ಥವನ್ನು ರಾತ್ರಿಯೆಲ್ಲ ಹೊರಗಿಡುವುದು ಅಪಾಯ. ಮುದ್ದೆಯಾದ ರಿಸೊಟ್ಟೊ ಉಂಡೆ ಕಟ್ಟಲು ಇನ್ನೂ ಒಳ್ಳೆಯದು: ನಡುವೆ ಚೀಸ್ ತುಣುಕು ಇಟ್ಟು, ಮೈದಾ ನೀರಿನಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯಿರಿ. ಸಿಸಿಲಿಯವರು ಅರಂಚೀನಿ ಎನ್ನುವುದು ಇಂಥ ಉಂಡೆಗಳಿಗೇ. ಎಣ್ಣೆ ಚೆನ್ನಾಗಿ ಕಾದಿರಲಿ, ಇಲ್ಲದಿದ್ದರೆ ಉಂಡೆ ಒಡೆಯುತ್ತದೆ.