ಲ್ಯಾಬ್ ರಿಪೋರ್ಟ್ ಓದಿಕೊಳ್ಳುವುದು ಹೇಗೆ?

ಜಗಳೂರು, ಹರಿಹರ, ಚನ್ನಗಿರಿಯಿಂದ ದಾವಣಗೆರೆಯ ಆಸ್ಪತ್ರೆಗಳಿಗೆ ಬರುವ ಅನೇಕರಿಗೆ ರಿಪೋರ್ಟ್ ಬೇಗ ಕೈಗೆ ಸಿಗುತ್ತದೆ, ಡಾಕ್ಟರ ಬಳಿ ಸರದಿ ಬರುವುದು ತಡ. ಅಷ್ಟರೊಳಗೆ ದಪ್ಪಕ್ಷರದ ಒಂದು ಸಂಖ್ಯೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ಗಾಬರಿ ಬೇಡ, ಸಾವಕಾಶವಾಗಿ ಹೀಗೆ ಓದಿ.

ಮೊದಲು ಹೆಸರು, ವಯಸ್ಸು, ಲಿಂಗ ಸರಿಯಿದೆಯೇ ನೋಡಿ. ಹಿಮೋಗ್ಲೋಬಿನ್ 12.5 ಗ್ರಾಂ ಇದ್ದರೆ ಹೆಂಗಸರಿಗೆ ಸಾಕು, ಗಂಡಸರಿಗೆ ಕಡಿಮೆ. ರಕ್ತಹೀನತೆಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಗಂಡಸರಿಗೆ 13, ಗರ್ಭಿಣಿಯರಲ್ಲದ ಹೆಂಗಸರಿಗೆ 12.

ಆಮೇಲೆ ಪಕ್ಕದ ಕಾಲಂ. ಅಲ್ಲಿರುವ ‘ನಾರ್ಮಲ್’ ಮಿತಿ ಬಂದದ್ದು ಹೇಗೆಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಆರೋಗ್ಯವಂತರ ರಕ್ತ ಪರೀಕ್ಷಿಸಿ, ಸಂಖ್ಯೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ನಡುವಿನ ಶೇ 95ರಷ್ಟನ್ನು ಮಿತಿಯೆಂದು ಇಟ್ಟುಕೊಳ್ಳುತ್ತಾರೆ. ಅಂದರೆ ಯಾವ ಕಾಯಿಲೆಯೂ ಇಲ್ಲದ ನೂರು ಜನರಲ್ಲಿ ಐವರು ಮಿತಿಯ ಹೊರಗೇ ಉಳಿಯುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಗಟ್ಟಿಮುಟ್ಟಾಗಿರುವವರಿಗೂ ಒಂದಾದರೂ ಹೊರಗೆ ಬೀಳುವ ಸಾಧ್ಯತೆ ಸುಮಾರು ಶೇ 64. ಕೂದಲೆಳೆಯಷ್ಟು ಆಚೀಚೆಯಾದದ್ದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಶುಗರ್, ಕೊಲೆಸ್ಟ್ರಾಲ್ ಲೆಕ್ಕ ಮಾತ್ರ ಬೇರೆ. ಅಲ್ಲಿನ ಗೆರೆ ಎಳೆದಿರುವುದು ಕಾಯಿಲೆಯ ಅಪಾಯ ನೋಡಿ. ಖಾಲಿ ಹೊಟ್ಟೆಯ ಶುಗರ್ 100ಕ್ಕಿಂತ ಕೆಳಗಿದ್ದರೆ ಸರಿ. 100ರಿಂದ 125 ಎಚ್ಚರಿಕೆಯ ಹಂತ. 126 ಅಥವಾ ಮೇಲಿದ್ದು, ಮತ್ತೆ ಪರೀಕ್ಷಿಸಿದಾಗಲೂ ಹಾಗೇ ಬಂದರೆ ಸಕ್ಕರೆ ಕಾಯಿಲೆ. ‘ಈಗ ಯಾರಿಗಿಲ್ಲ ಹೇಳಿ’ ಎಂಬ ಸಮಾಧಾನ ಇಲ್ಲಿ ನಡೆಯದು.

ರಕ್ತ ಕೊಟ್ಟದ್ದು ಹೇಗೆಂದೂ ನೆನೆಯಿರಿ. ಖಾಲಿ ಹೊಟ್ಟೆಯೆಂದರೆ ಕನಿಷ್ಠ 8 ಗಂಟೆ. ನೀರು ಕುಡಿಯಬಹುದು, ಚಹಾ ಆಗದು, ಬೆಣ್ಣೆ ದೋಸೆ ರಕ್ತ ಕೊಟ್ಟ ಮೇಲೆಯೇ. ತೆಗೆದ ರಕ್ತದಲ್ಲಿ ಕೆಂಪು ಕಣಗಳು ಒಡೆದಿದ್ದರೆ ಪೊಟ್ಯಾಸಿಯಂ ಸುಳ್ಳೇ ಹೆಚ್ಚು ತೋರಿಸುತ್ತದೆ. ಡಾಕ್ಟರು ಇನ್ನೊಮ್ಮೆ ಮಾಡಿಸಿ ಎಂದರೆ ದುಡ್ಡಿನಾಸೆ ಎಂದುಕೊಳ್ಳಬೇಡಿ.

ಕೊನೆಯದಾಗಿ, ಹಳೆಯ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಹೋದ ವರ್ಷ 0.7 ಇದ್ದದ್ದು ಈಗ 1.2 ಆಗಿದ್ದರೆ, ಎಷ್ಟೋ ಲ್ಯಾಬ್‌ಗಳಲ್ಲಿ ಗಂಡಸರಿಗೆ ಎರಡೂ ಮಿತಿಯೊಳಗೇ ಬರುತ್ತವೆ, ದಪ್ಪಕ್ಷರವೂ ಇರುವುದಿಲ್ಲ. ಆದರೂ ಆ ಏರಿಕೆಯನ್ನು ಡಾಕ್ಟರಿಗೆ ತೋರಿಸಲೇಬೇಕು.